ಭಾನುವಾರ ವಾರ್ಡ್ ಸಭೆಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಸಲ ಒಂದೇ ವಿಷಯ ಎತ್ತೋಣ: ರಸ್ತೆ ಬದಿ ಕಸ ಸುಡುವುದು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಆದರೆ ಪೌರಕಾರ್ಮಿಕರ ಮೇಲೆ ದೂರು ಬೇಡ. ಒಣ ಎಲೆ ಒಯ್ಯಲು ಗಾಡಿಯೇ ಬರದಿದ್ದರೆ ಅವರು ತಾನೇ ಏನು ಮಾಡುತ್ತಾರೆ? ಗಾಡಿ ಕೇಳೋಣ. ಪಾರ್ಕಿನಲ್ಲಿ ಎಲೆಗೊಬ್ಬರಕ್ಕೆ ಜಾಗ ಕೇಳೋಣ.

'ಬೆಂಗಳೂರಿನ ಗಾಳಿ ದಿಲ್ಲಿಗಿಂತ ವಾಸಿ ಅಲ್ವಾ' ಅಂತ ಯಾರಾದರೂ ಅಂದೇ ಅನ್ನುತ್ತಾರೆ. ನಿಜ, ಒಪ್ಪಿಕೊಳ್ಳಿ, ಸುಮ್ನೆ ವಾದ ಬೇಡ. ಆದರೆ ಗಾಳಿಯನ್ನು ದಿಲ್ಲಿ ಜೊತೆಗಲ್ಲ, ಮಿತಿಯ ಜೊತೆ ಹೋಲಿಸಬೇಕು ಅನ್ನಿ. ಪಿಎಂ 2.5 ಅಂದರೆ ಉಸಿರಿನ ಜೊತೆ ಶ್ವಾಸಕೋಶದ ಒಳಗೆ ಇಳಿಯುವ ಅತಿ ಸಣ್ಣ ಕಣಗಳು; ಅವಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5 ಅಂತ ತಿಳಿಸಿ.

ಕಸ ಸುಡುವ ಫೋಟೋ ತಂದರೆ ಅದರ ಜೊತೆ ಜಾಗ, ಸಮಯ ಬರೆಯಿರಿ. ಯಾರ ಮುಖವೂ ಕಾಣಬಾರದು. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.