ಬಿಲ್ಡ್ ವಿಫಲವಾದರೆ ಮೊದಲು ಆವೃತ್ತಿ ನೋಡಿ

ಬಳಗದ ಎಲ್ಲರಿಗೂ ನಮಸ್ಕಾರ. ಭಾನುವಾರ ಸರಸ್ವತಿಪುರಂನಲ್ಲಿ ಸೇರುವ ಮುನ್ನ ಒಂದು ವಿಷಯ. ಬಿಲ್ಡ್ (ಮೂಲ ಕೋಡಿನಿಂದ ತಂತ್ರಾಂಶ ಕಟ್ಟುವ ಕೆಲಸ) ಆಗಲಿಲ್ಲವೆಂದು ಇಲ್ಲಿ ಹಾಕುವ ಪರದೆಯ ಚಿತ್ರಗಳಲ್ಲಿ ಬಹುಪಾಲು ಕೊನೆಯ ಸಾಲಷ್ಟೇ ಇರುತ್ತದೆ: ‘ಎರರ್ 2’. ಅದರಿಂದ ಯಾರಿಗೂ ಏನೂ ತಿಳಿಯದು. ಮೇಲಕ್ಕೆ ಹೋಗಿ ಮೊದಲ ದೋಷವನ್ನು ಹುಡುಕಿ. ಸಿಮೇಕ್ (ಬಿಲ್ಡ್ ಸಿದ್ಧಪಡಿಸುವ ಸಾಧನ) 3.16 ಬೇಕು, ಇರುವುದು 3.10.2 ಎಂಬ ಅರ್ಥದ ಸಾಲು ಸಿಕ್ಕರೆ ಪ್ಯಾಕೇಜನ್ನು ಬೈಯಬೇಡಿ. ಹಳತಾಗಿರುವುದು ನಿಮ್ಮ ಲಿನಕ್ಸ್ ವ್ಯವಸ್ಥೆ ಉಬುಂಟು.

ಉಬುಂಟು 18.04ರ ಜೊತೆ ಬರುವುದು ಸಿಮೇಕ್ 3.10 ಮತ್ತು ಕಂಪೈಲರ್ ಆದ ಜಿಸಿಸಿ 7. ಆ ಉಬುಂಟುವಿನ ಸಾಮಾನ್ಯ ಬೆಂಬಲ 2023ರಲ್ಲೇ ಮುಗಿದಿದೆ. ಸಾಧ್ಯವಿದ್ದವರು ಇಡೀ ವ್ಯವಸ್ಥೆಯನ್ನೇ ನವೀಕರಿಸಿ, ಅದೇ ಸರಿಯಾದ ದಾರಿ. ಕಚೇರಿಯ ಯಂತ್ರ, ಮುಟ್ಟುವಂತಿಲ್ಲ ಎನ್ನುವವರು ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್ (ಉಳಿದ ವ್ಯವಸ್ಥೆಯನ್ನು ಮುಟ್ಟದ ಪ್ರತ್ಯೇಕ ಜಾಗ) ಒಳಗೆ ಮೊದಲು ಪ್ಯಾಕೇಜ್ ಹಾಕುವ ಸಾಧನ ಪಿಪ್ ನವೀಕರಿಸಿ, ಆಮೇಲೆ ಅದರಿಂದಲೇ ಹೊಸ ಸಿಮೇಕ್ ಹಾಕಿಕೊಳ್ಳಬಹುದು. ನಂತರ ಹಳೆಯ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ. ಹಿಂದಿನ ಕಂಪೈಲರಿನ ವಿಳಾಸ ಅದರ ಕ್ಯಾಶ್ ಕಡತದಲ್ಲಿ ಬೇರೂರಿರುತ್ತದೆ.

ಬಹುತೇಕ ಎಲ್ಲ ಪ್ರೋಗ್ರಾಮುಗಳೂ ನೆಚ್ಚಿಕೊಂಡಿರುವ ಮೂಲ ಲೈಬ್ರರಿ ಜಿಲಿಬ್‌ಸಿಯನ್ನು ಮಾತ್ರ ಕೈಯಾರೆ ಬದಲಿಸಲು ಹೋಗಬೇಡಿ. ಎಡವಟ್ಟಾದರೆ ಕಡತಗಳ ಪಟ್ಟಿ ತೋರಿಸುವ ‘ಎಲ್ಎಸ್’ ಆಜ್ಞೆಯೂ ಓಡುವುದಿಲ್ಲ.

ಬೇಕಾದುದನ್ನೆಲ್ಲ ಮನೆಯಲ್ಲೇ ಇಳಿಸಿಕೊಂಡು ಬನ್ನಿ, ಭಾನುವಾರ ಸೇರುವ ಜಾಗದ ವೈಫೈ ಎಲ್ಲರಿಗೂ ಸಾಲದು.