ಜುಹುವಿಗೆ ಹೊರಟ ಮಗಳಿಗೊಂದು ಪತ್ರ

ಧಾರವಾಡ

ಚಿ. ಕು. ವಿದ್ಯಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನೀನು ಸುಖವಾಗಿ ಮುಂಬಯಿ ತಲುಪಿದ ಸುದ್ದಿ ನಿನ್ನ ಅಮ್ಮನಿಂದ ತಿಳಿಯಿತು. ಹೊರಡುವ ಹಿಂದಿನ ರಾತ್ರಿ ನಾನಾಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನೀವು ಇಪ್ಪತ್ತೆರಡು ವರ್ಷ ಮಾಡಿದ ಹೆಲಿಕಾಪ್ಟರ್ ದುರಸ್ತಿಯ ಕೆಲಸ ನನಗೇಕೆ ಬೇಡ ಎಂದು ನೀನು ಕೇಳಿದಾಗ ಉತ್ತರಿಸದೆ ಎದ್ದುಹೋದೆನಲ್ಲ, ಆ ಉತ್ತರವನ್ನಷ್ಟೇ ಬರೆಯುತ್ತೇನೆ. ನೀನು ಹೆಣ್ಣುಮಗಳೆಂಬುದು ಖಂಡಿತ ಅದಕ್ಕೆ ಕಾರಣವಲ್ಲ.

1932ರಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ತಂದಿಳಿದ ನೆಲವಿದು ಎಂದು ಜುಹು ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಹಿರಿಯರೊಬ್ಬರು ಹೇಳಿದ್ದರು, ನನಗೆ ಬಹಳ ಹೆಮ್ಮೆಯಾಗಿತ್ತು. ಆದರೆ ಏವಿಯಾನಿಕ್ಸ್, ಅಂದರೆ ಹಾರುವ ಯಂತ್ರಗಳ ಎಲೆಕ್ಟ್ರಾನಿಕ್ ಉಪಕರಣಗಳ ಕೆಲಸದವರಿಗೆ ಅದು ಉಪ್ಪಿನ ನೆಲ. ಕಡಲು ಪಕ್ಕದಲ್ಲೇ ಇದೆ. ನಮ್ಮ ಹೆಲಿಕಾಪ್ಟರುಗಳು ದಿನವೂ 160 ಕಿಲೋಮೀಟರಿನಷ್ಟು ದೂರದ ಬಾಂಬೆ ಹೈ ತೈಲ ವೇದಿಕೆಗಳಿಗೆ ಹೋಗಿ ಬರುತ್ತಿದ್ದವು. ಮಳೆಗಾಲದಲ್ಲಂತೂ ತಂತಿಗಳನ್ನು ಜೋಡಿಸುವ ಯಾವ ಕನೆಕ್ಟರ್ ಬಿಚ್ಚಿದರೂ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಕಾಣುತ್ತಿತ್ತು.

1996ರ ಜುಲೈನಲ್ಲಿ ಒಂದು ಸಂಜೆ ಪೈಲಟ್ ಒಬ್ಬರು, ಸಮುದ್ರದ ಮೇಲೆ ರೇಡಿಯೊ ಆಲ್ಟಿಮೀಟರಿನ ಮುಳ್ಳು ಆಗಾಗ ಮರೆಯಾಗುತ್ತದೆ ಎಂದು ಲಾಗ್‌ಬುಕ್ಕಿನಲ್ಲಿ ಬರೆದರು. ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ಆಲ್ಟಿಮೀಟರ್ ಬೇರೆ, ಹೊಟ್ಟೆಯಡಿಯ ಆಂಟೆನಾದಿಂದ ಅಲೆ ಕಳಿಸಿ ನೀರು ನಿಜವಾಗಿ ಎಷ್ಟು ಕೆಳಗಿದೆಯೆಂದು ಹೇಳುವ ಇದು ಬೇರೆ ಎಂಬುದು ನಿನಗೆ ಗೊತ್ತೇ ಇದೆ. ಮೋಡ ಇಳಿದು, ಕಡಲೂ ಆಕಾಶವೂ ಒಂದೇ ಬಣ್ಣವಾದಾಗ ಪೈಲಟ್ ನೆಚ್ಚುವುದು ಇದನ್ನೇ. ನಾನು ರಾತ್ರಿ ಹತ್ತರವರೆಗೂ ಪರೀಕ್ಷಿಸಿದೆ. ನೆಲದ ಮೇಲೆ ಎಲ್ಲವೂ ಸರಿಯಾಗಿತ್ತು. ಬೆಳಗಿನ ಹಾರಾಟಕ್ಕೆ ಬೇರೆ ಹೆಲಿಕಾಪ್ಟರ್ ಇಲ್ಲವೆಂದು ಮೇಲಿನವರು ಎರಡು ಸಲ ಬಂದು ನಿಂತರು. ಪರೀಕ್ಷಿಸಲಾಗಿದೆ, ದೋಷ ಕಂಡಿಲ್ಲ ಎಂದು ಬರೆದು ಸಹಿ ಹಾಕಿದೆ.

ಬೆಳಿಗ್ಗೆ ಅದು ಹಾರಿತು. ಹಿಂತಿರುಗಬೇಕಾದ ಹೊತ್ತಿಗಿಂತ ನಲವತ್ತು ನಿಮಿಷ ತಡವಾಯಿತು. ಆ ನಲವತ್ತು ನಿಮಿಷ ನಾನು ಹ್ಯಾಂಗರಿನ ಬಾಗಿಲಲ್ಲಿ ಮಳೆಯ ಇರಚಲಿಗೆ ಒದ್ದೆಯಾಗುತ್ತ ನಿಂತಿದ್ದೆ. ಯಾರೋ ತಂದುಕೊಟ್ಟ ಚಹಾ ಕೈಯಲ್ಲೇ ತಣ್ಣಗಾಯಿತು. ಹೆಲಿಕಾಪ್ಟರಿನಲ್ಲಿ ಎಷ್ಟು ಜನರಿದ್ದಾರೆಂದು ಕೇಳುವ ಧೈರ್ಯವೂ ಬರಲಿಲ್ಲ. ಬಂದಿಳಿದ ಪೈಲಟ್ ಬೈಯಲಿಲ್ಲ, ಮುಳ್ಳು ಮತ್ತೆ ಹೋಗಿತ್ತು ಎಂದಷ್ಟೇ ಹೇಳಿದರು. ಆಂಟೆನಾ ಕೇಬಲಿನ ತುದಿ ಬಿಚ್ಚಿದಾಗ ಸಾಸಿವೆ ಕಾಳಿನಷ್ಟು ನೀರು ನನ್ನ ಹೆಬ್ಬೆರಳಿಗೆ ಬಿತ್ತು. ನಡುವಿನ ಪಿನ್ ಕಿಲುಬು ಹಿಡಿದಿತ್ತು. ಹಿಂದಿನ ರಾತ್ರಿ ಆ ಕೇಬಲನ್ನು ಅಲುಗಾಡಿಸುತ್ತ ಮುಳ್ಳನ್ನು ನೋಡಿದ್ದರೆ ಸಾಕಿತ್ತು. ಈಗಲೂ ಜೋರು ಮಳೆ ಬಂದ ರಾತ್ರಿ ನನಗೆ ಎಚ್ಚರವಾಗುವುದು ಇದಕ್ಕೇ. ನಿನ್ನ ಅಮ್ಮನಿಗೂ ಇದನ್ನು ಹೇಳಿಲ್ಲ.

ಏವಿಯಾನಿಕ್ಸ್ ಕೆಲಸಕ್ಕೆ ಸಹಿ ಹಾಕುವ ಅಧಿಕಾರ ಕೊಡುವ ನಿನ್ನ ಬಿ-2 ಲೈಸೆನ್ಸ್ ಬಂದ ದಿನ ಸಹಿ ಹಾಕುವ ನಿನ್ನ ಕೈಯೇ ನನ್ನ ಕಣ್ಣಿಗೆ ಕಟ್ಟಿತು. ಭಯವನ್ನು ಸಿಟ್ಟಾಗಿಸಿ ನಿನ್ನ ಮೇಲೆ ತೋರಿಸಿದ್ದು ತಪ್ಪು, ಕ್ಷಮಿಸು ಮಗಳೇ. ನಾನು ಎರಡು ಸಲ ಬರೆದು ಪಾಸಾದ ವಿಷಯಗಳನ್ನು ನೀನು ಒಂದೇ ಸಲಕ್ಕೆ ಮುಗಿಸಿದೆ. ಇದನ್ನು ಬೀದಿಯವರಿಗೆಲ್ಲ ಹೇಳಿದೆ, ನಿನಗೊಬ್ಬಳಿಗೆ ಹೇಳಲಿಲ್ಲ.

ಉಪದೇಶ ಬೇಡವೆಂದುಕೊಂಡೇ ಕುಳಿತೆ, ಆದರೂ ಬರೆಯುತ್ತೇನೆ. ಪೈಲಟ್ ಹೇಳಿದ ದೋಷ ನಿನಗೆ ಕಾಣಲಿಲ್ಲವೆಂದರೆ ಅದು ಇಲ್ಲವೆಂದಲ್ಲ. ಅವರನ್ನು ಹುಡುಕಿ ಕೇಳು: ಯಾವ ಎತ್ತರದಲ್ಲಿ, ಯಾವ ತಿರುವಿನಲ್ಲಿ, ಮಳೆ ಇತ್ತೇ. ಉಪಕರಣ ಬದಲಿಸುವ ಮೊದಲು ಕೇಬಲ್ ನೋಡು. ಸಾಮಾನು ಎಣಿಸದೆ ಪ್ಯಾನೆಲ್ ಮುಚ್ಚಬೇಡ. ಯಾರು ಎಷ್ಟು ಹೊತ್ತು ಪಕ್ಕದಲ್ಲಿ ನಿಂತರೂ ಮನಸ್ಸೊಪ್ಪದೆ ಪೆನ್ನು ತೆಗೆಯಬೇಡ, ಅದರಿಂದ ಕೆಲಸ ಹೋದರೆ ನೇರ ಮನೆಗೆ ಬಾ. ರಾತ್ರಿ ಪಾಳಿಯಲ್ಲಿ ಊಟ ಬಿಡಬೇಡ.

ಪಾರ್ಸೆಲಿನಲ್ಲಿ ನನ್ನ ಉದ್ದ ಹಿಡಿಯ ಕನ್ನಡಿಯನ್ನೂ ಭೂತಗನ್ನಡಿಯನ್ನೂ ಇಟ್ಟಿದ್ದೇನೆ. ಕನ್ನಡಿಯ ಕೀಲು ಸಡಿಲವಾಗಿತ್ತು, ನಿನ್ನೆ ಬಿಗಿ ಮಾಡಿದೆ. ಅವುಗಳ ಮೇಲೆ ನನ್ನ ಹೆಸರು ಕೆತ್ತಿದೆ; ಅದರ ಕೆಳಗೆ ನಿನ್ನದನ್ನು ಕೆತ್ತಿಸಿ ಸಲಕರಣೆಗಳ ಪಟ್ಟಿಗೆ ಸೇರಿಸಿದ ಮೇಲೆಯೇ ಹ್ಯಾಂಗರಿನೊಳಗೆ ಒಯ್ಯಿ.

ಇಂತಿ,
ನಿನ್ನ ಅಪ್ಪ