ಬಡ್ಡಿ ಸಮೇತ ವಂದನೆ

ನನ್ನ ಪತಿ ಕಳೆದ ಸೋಮವಾರದಿಂದ ಮತ್ತೆ ಬ್ಯಾಂಕಿನ ಕೆಲಸಕ್ಕೆ ಹೋಗುತ್ತಿದ್ದಾರೆ. ಈ ಒಂದು ವಾಕ್ಯ ಬರೆಯುವುದಕ್ಕಾಗಿ ಮೈಸೂರಿನ ನಮ್ಮ ಮನೆ ಎಷ್ಟು ಕಾದಿತ್ತೆಂಬುದು ಇದನ್ನು ಓದುವ ಬಹುತೇಕರಿಗೆ ಗೊತ್ತಿರುವುದರಿಂದ, ಏನಾಯಿತು, ಹೇಗಾಯಿತು, ಯಾವ ವೈದ್ಯರು ಏನೆಂದರು ಎಂಬುದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಹೇಳದೆ ಉಳಿದಿರುವುದು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲಿನ ತಿಂಗಳುಗಳ ವಿಚಾರ. ಆ ಅವಧಿಯಲ್ಲಿ ನಮ್ಮ ಮನೆಯಿಂದ ಆಗಾಗ ಜೋರಾದ ನಗು ಕೇಳಿಸುತ್ತಿತ್ತು ಎಂದು ಅಕ್ಕಪಕ್ಕದವರು ಈಗ ಸ್ವಲ್ಪ ಸಂಕೋಚದಿಂದಲೇ ಹೇಳುತ್ತಿದ್ದಾರೆ. ಕೇಳಿಸಿದ್ದು ನಿಜ. ಅದು ಯಾರಿಂದ ಬಂತೆಂದು ತಿಳಿಸಿ, ಸಲ್ಲಬೇಕಾದವರಿಗೆ ಕೃತಜ್ಞತೆ ಸಲ್ಲಿಸುವುದು ಈ ಬರಹದ ಉದ್ದೇಶ.

ರಾತ್ರಿಪಾಳಿಯಲ್ಲೂ ಮುಖ ಗಂಟಿಕ್ಕದ ದಾದಿಯರಿಗೆ, ರಕ್ತ ಕೊಟ್ಟ ಸಹೋದ್ಯೋಗಿಗಳಿಗೆ, ಮಗಳನ್ನು ಕಾಲೇಜಿಗೆ ಬಿಟ್ಟು ಕರೆತಂದ ಎದುರುಮನೆಯವರಿಗೆ, ರಜೆಯ ಕಾರಣವನ್ನು ಒಮ್ಮೆಯೂ ಕೇಳದ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ, ಬೆಂಗಳೂರಿನಿಂದ ಬಂದು ವಿಮೆಯ ಕಾಗದಪತ್ರಗಳ ರಾಶಿಯನ್ನು ಪೂರ್ತಿಯಾಗಿ ತನ್ನ ತಲೆಯ ಮೇಲೆ ಹಾಕಿಕೊಂಡ ನನ್ನ ತಮ್ಮನಿಗೆ, ಊಟ ಕಳಿಸಿದ ಎಲ್ಲ ಮನೆಗಳಿಗೆ ನಮ್ಮ ಕುಟುಂಬದ ಹೃತ್ಪೂರ್ವಕ ವಂದನೆಗಳು. ಇಷ್ಟು ಮಂದಿಯನ್ನು ಒಂದೇ ವಾಕ್ಯದಲ್ಲಿ ಕೂರಿಸಿದ್ದಕ್ಕೆ ಯಾರೂ ಬೇಸರಿಸಬಾರದು. ಉಳಿದ ಜಾಗವೆಲ್ಲ ಒಬ್ಬರಿಗೇ ಹೋಗಲಿದೆ, ಅವರು ಯಾರೆಂಬುದನ್ನು ನೀವು ಆಗಲೇ ಊಹಿಸಿದ್ದೀರಿ.

ನನ್ನ ಪತಿಯ ಸೋದರತ್ತೆ ನಂಜನಗೂಡಿನಲ್ಲಿ ಒಬ್ಬರೇ ಇರುವವರು. ವಯಸ್ಸು ಎಂಬತ್ತರ ಹತ್ತಿರ. ಸುದ್ದಿ ತಿಳಿದ ಮರುದಿನವೇ ಚಾಮರಾಜನಗರದಿಂದ ಬರುವ ರೈಲು ಹತ್ತಿ, ಒಂದು ಬಟ್ಟೆಯ ಚೀಲದಲ್ಲಿ ಎರಡು ಸೀರೆ, ಒಂದು ಟ್ರಾನ್ಸಿಸ್ಟರ್, ಒಂದು ಚಿಪ್ಪು ರಸಬಾಳೆ ಇಟ್ಟುಕೊಂಡು ಬಂದರು. ನಾಲ್ಕು ದಿನ ಇದ್ದು ಹೋಗುತ್ತೇನೆಂದವರು ಹೋಗಲೇ ಇಲ್ಲ. ಕೋಣೆಯೊಳಗೆ ಕಾಲಿಟ್ಟು, ಮಂಚದ ಮೇಲೆ ದಿಂಬುಗಳ ನಡುವೆ ಮಲಗಿದ್ದ ಅಳಿಯನನ್ನು ಮೇಲಿಂದ ಕೆಳಗೆ ನೋಡಿ, "ಏನೋ, ನಿನ್ನ ಮದುವೇಲೂ ನಿಂಗೆ ಇಷ್ಟು ಮರ್ಯಾದೆ ಸಿಕ್ಕಿರ್ಲಿಲ್ವಲ್ಲೋ" ಎಂದರು. ಬಂದವರೆಲ್ಲ ಅಲ್ಲಿಯವರೆಗೆ ದನಿ ತಗ್ಗಿಸಿ ಮಾತನಾಡಿದ್ದರು. ಇವರ ದನಿ ಬೀದಿಗೆ ಕೇಳಿಸಿತು. ನನ್ನ ಪತಿ ನಕ್ಕರು, ನಕ್ಕಿದ್ದರಿಂದ ನೋವಾಯಿತು, ನೋವು ಮಾಡಿದ್ದಕ್ಕೆ ಅತ್ತೆಯನ್ನು ಬೈದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಯಾರನ್ನಾದರೂ ಬೈದದ್ದು ಅದೇ ಮೊದಲು.

ಇದರ ಮಹತ್ವ ನನಗೆ ಹೊಳೆಯುವುದಕ್ಕೆ ಕೆಲವು ದಿನಗಳು ಬೇಕಾದವು. ನನ್ನ ಪತಿ ಸ್ವಭಾವತಃ ವಾದಪ್ರಿಯರು. ಬೇಳೆಸಾರಿಗೆ ಬೆಲ್ಲ ಹಾಕಬೇಕೇ ಬೇಡವೇ ಎಂಬುದರಿಂದ ಹಿಡಿದು ದಸರಾ ಮೆರವಣಿಗೆಯನ್ನು ಎಲ್ಲಿ ನಿಂತು ನೋಡಿದರೆ ಚೆನ್ನ ಎಂಬುದರವರೆಗೆ ಅವರು ವಾದಿಸದೆ ಬಿಟ್ಟ ವಿಷಯವಿಲ್ಲ. ಹಾಸಿಗೆ ಹಿಡಿದ ಮೇಲೆ ಅವರು ಏನು ಹೇಳಿದರೂ ನಾವೆಲ್ಲ ಒಪ್ಪತೊಡಗಿದ್ದೆವು. ಒಪ್ಪಿಗೆಯ ಆ ಗೋಡೆಯ ನಡುವೆ ಅವರು ದಿನೇದಿನೇ ಮೌನಿಯಾಗುತ್ತಿದ್ದರು. ಅತ್ತೆ ಅವರೊಂದಿಗೆ ಜಗಳವಾಡಿದರು. ವೈದ್ಯರು ಉಪ್ಪು ಬಿಡಲು ಹೇಳಿದ್ದರಿಂದ ತಾವೂ ಅದೇ ಸಪ್ಪೆ ಹುಳಿಯನ್ನು ಬಡಿಸಿಕೊಂಡು ಕೂರುತ್ತಿದ್ದರು. ಅವರಿಗಾಗಿ ಬೇರೆ ಮಾಡುತ್ತೇನೆಂದರೆ ಕೇಳಲಿಲ್ಲ. ಆದರೆ ಸುಮ್ಮನೆ ತಿಂದವರೂ ಅಲ್ಲ. ದಿನಕ್ಕೊಂದು ಹೊಸ ಬೈಗುಳ ಆ ಹುಳಿಗೆ ಸಲ್ಲುತ್ತಿತ್ತು: ಒಂದು ದಿನ ಅದು ತೊಗರಿಬೇಳೆಗೆ ಮಾಡಿದ ಅಭ್ಯಂಜನ, ಇನ್ನೊಂದು ದಿನ ನುಗ್ಗೆಕಾಯಿ ಮುಳುಗಿ ಸತ್ತ ಕೆರೆ. ಇವತ್ತು ಏನನ್ನುತ್ತಾರೋ ನೋಡೋಣವೆಂಬ ಕುತೂಹಲಕ್ಕೇ ನನ್ನ ಪತಿ ಊಟಕ್ಕೆ ಎದ್ದು ಕೂರತೊಡಗಿದರು. ಮಾಡಿ ಬಡಿಸುತ್ತಿದ್ದವಳು ನಾನು ಎಂಬುದನ್ನು ಇಬ್ಬರೂ ಮರೆತಂತಿತ್ತು, ಅದಿರಲಿ.

ಟ್ರಾನ್ಸಿಸ್ಟರಿನದು ಬೇರೆಯೇ ಅಧ್ಯಾಯ. ಅತ್ತೆಗೆ ಆಕಾಶವಾಣಿ ಕೇಳುವುದೆಂದರೆ ಆಕಾಶವಾಣಿಯೊಡನೆ ಮಾತನಾಡುವುದು. ವಾರ್ತೆ ಓದುವವರಿಗೆ ನಿಧಾನವಾಗಿ ಓದಲು ಹೇಳುತ್ತಾರೆ, ಕೃಷಿ ಕಾರ್ಯಕ್ರಮದ ತಜ್ಞರಿಗೆ ತಿರುಗಿ ಪ್ರಶ್ನೆ ಹಾಕುತ್ತಾರೆ, ಉತ್ತರ ಬರದಿದ್ದರೆ "ನೋಡು, ಬಾಯಿ ಮುಚ್ಚಿಸ್ದೆ" ಎನ್ನುತ್ತಾರೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ಬಾನುಲಿಯನ್ನು ಆರಂಭಿಸಿದ್ದು ತಮ್ಮ ಮನೆಯಿಂದಲೇ ಎಂಬುದು ಈ ಊರಿನವರೆಲ್ಲರಿಗೂ ತಿಳಿದ ಸಂಗತಿ. ಮನೆಯಿಂದ ಹೊರಟ ಮಾತಿಗೆ ಮನೆಯಲ್ಲೇ ಕುಳಿತು ಎದುರುತ್ತರ ಕೊಡುವುದರಲ್ಲಿ ತಪ್ಪೇನು ಎಂಬುದು ನನ್ನ ಪತಿಯ ಸಮರ್ಥನೆ.

ಇನ್ನು ಆ ರಾತ್ರಿಯ ವಿಷಯ. 2024ರ ಮಳೆಗಾಲ. ಕರೆಂಟು ಹೋಗಿತ್ತು. ಸಂಜೆಯಿಂದ ಏರತೊಡಗಿದ ತೊಂದರೆ ಮಧ್ಯರಾತ್ರಿಯ ಹೊತ್ತಿಗೆ ಹೆಚ್ಚಾದಾಗ ಫೋನಿನಲ್ಲಿ ವೈದ್ಯರು, ಬೆಳಗಿನವರೆಗೆ ಎಚ್ಚರದಿಂದ ನೋಡಿಕೊಳ್ಳಿ, ಮಾತಿಗೆ ಸ್ಪಷ್ಟವಾಗಿ ಉತ್ತರ ಕೊಡುತ್ತಿದ್ದಾರೆಯೇ ಗಮನಿಸುತ್ತಿರಿ, ಸ್ವಲ್ಪ ತೊದಲಿದರೂ ತಕ್ಷಣ ಕರೆತನ್ನಿ ಎಂದರು. ನಾನು ಐದು ನಿಮಿಷಕ್ಕೊಮ್ಮೆ "ಹೇಗಿದೆ, ಹೇಗಿದೆ" ಎಂದು ಕೇಳಿದೆ. ಸ್ವಲ್ಪ ಹೊತ್ತಿನಲ್ಲಿ ಅವರು ಉತ್ತರಿಸುವುದನ್ನೇ ಬಿಟ್ಟು ಗೋಡೆಯ ಕಡೆ ತಿರುಗಿದರು. ಆಗ ಅತ್ತೆ ಮೊಬೈಲಿನ ಬೆಳಕಿನಲ್ಲಿ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತು, ಬಹಳ ವ್ಯವಹಾರಸ್ಥ ಧ್ವನಿಯಲ್ಲಿ ಹೇಳಿದರು: "ನೋಡಪ್ಪಾ, 1984ರ ದಸರಾದಲ್ಲಿ ಎಗ್ಸಿಬಿಷನ್ ತೊಟ್ಟಿಲು ಹತ್ತಕ್ಕೆ ಅಂತ ನನ್ ಹತ್ರ ಎರಡು ರೂಪಾಯಿ ಸಾಲ ಇಸ್ಕೊಂಡಿದ್ದೆ. ವಾಪಸ್ ಕೊಟ್ಟಿಲ್ಲ. ಅದನ್ನ ಇತ್ಯರ್ಥ ಮಾಡ್ದೆ ನೀನು ಎಲ್ಲಿಗೂ ಹೋಗೋ ಹಾಗಿಲ್ಲ."

ಗೋಡೆಯ ಕಡೆಯಿಂದಲೇ ಉತ್ತರ ಬಂತು: ಅದು ಸಾಲವಲ್ಲ, ಉಡುಗೊರೆ. ಸಾಲವೇ ಎಂದು ಅತ್ತೆ ಸಾಕ್ಷಿ ಸಮೇತ ವಾದಿಸಿದರು. ಸಾಕ್ಷಿಗಳೆಲ್ಲ ತೀರಿಹೋಗಿದ್ದರು. ಆಮೇಲೆ ಬಡ್ಡಿಯ ಪ್ರಶ್ನೆ ಎದ್ದಿತು. ನೂರಕ್ಕೆ ತಿಂಗಳಿಗೊಂದು ರೂಪಾಯಿ, ಅದು ಊರ ಪದ್ಧತಿ ಎಂದು ಅತ್ತೆ ಪಟ್ಟು ಹಿಡಿದರು. ಹಾಗಾದರೆ ವರ್ಷಕ್ಕೆ 12, ನಲವತ್ತು ವರ್ಷಕ್ಕೆ ಅಸಲೂ ಸರಳಬಡ್ಡಿಯೂ ಸೇರಿ 11 ರೂಪಾಯಿ 60 ಪೈಸೆ, ಬೆಳಿಗ್ಗೆ ಕೊಡುತ್ತೇನೆ, ಈಗ ಮಲಗಲು ಬಿಡಿ ಎಂದರು ನನ್ನ ಪತಿ. ಸರಳಬಡ್ಡಿ ಯಾರಿಗೆ ಬೇಕು, ನಿಮ್ಮ ಬ್ಯಾಂಕು ನನ್ನ ಸಾಲಕ್ಕೆ ಚಕ್ರಬಡ್ಡಿ ಹಾಕಿರಲಿಲ್ಲವೇ ಎಂದು ಅತ್ತೆ ಕೇಳಿದ ಕೂಡಲೇ, ಇಡೀ ವೃತ್ತಿಜೀವನವನ್ನು ಬ್ಯಾಂಕಿನಲ್ಲಿ ಕಳೆದ ಮನುಷ್ಯ ಈ ಕಡೆ ತಿರುಗಿದರು. ಶೇಕಡಾ 12ರ ಚಕ್ರಬಡ್ಡಿಯಲ್ಲಿ ಹಣ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆಂದು ತಿಳಿಯಲು 72ನ್ನು 12ರಿಂದ ಭಾಗಿಸಬೇಕು, ಅಂದರೆ ಸುಮಾರು ಆರು ವರ್ಷ ಎಂದು ವಿವರಿಸಿದರು. ಅತ್ತೆ ಬೆರಳು ಮಡಚುತ್ತ ಹೋದರು: ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು, ನೂರಾ ಇಪ್ಪತ್ತೆಂಟು. ಅಲ್ಲಿಗೆ ಮೂವತ್ತಾರು ವರ್ಷವಾಯಿತು. ಉಳಿದ ನಾಲ್ಕು ವರ್ಷಕ್ಕೆ ಎಷ್ಟು ಎಂಬಲ್ಲಿ ಇಬ್ಬರೂ ಸಿಕ್ಕಿಕೊಂಡರು, ಮತ್ತು ಆ ನಾಲ್ಕು ವರ್ಷಗಳ ಬಡ್ಡಿ ಬೆಳಗಿನ ಜಾವದವರೆಗೂ ತೀರಲಿಲ್ಲ.

ನಾನು ಆ ಹೊತ್ತೆಲ್ಲ ಕೋಣೆಯ ಬಾಗಿಲ ಹೊರಗೆ ನೆಲದ ಮೇಲೆ ಕುಳಿತಿದ್ದೆ. ಯಾರಿಗೆ ಮೊದಲು ಫೋನ್ ಮಾಡಬೇಕು, ನಿದ್ದೆಯಲ್ಲಿರುವ ಮಗಳನ್ನು ಏನೆಂದು ಹೇಳಿ ಎಬ್ಬಿಸಬೇಕು, ಅವರಿಲ್ಲದ ಮನೆಯಲ್ಲಿ ಬೆಳಿಗ್ಗೆ ಹಾಲು ಎಷ್ಟು ತೆಗೆದುಕೊಳ್ಳಬೇಕು ಎಂದು ನಾನೂ ಲೆಕ್ಕ ಹಾಕುತ್ತಿದ್ದೆ. ಹಾಲಿನ ಲೆಕ್ಕ ಏಕೆ ಬಂತೋ ತಿಳಿಯದು, ಆದರೆ ಬಂತು. ಒಳಗಿನಿಂದ ನಗು ಕೇಳಿದಾಗ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಸಾವು ಹೊಸ್ತಿಲ ಮೇಲಿದೆಯೆಂದು ನನಗೆ ಖಚಿತವಾಗಿದ್ದ ಹೊತ್ತಿನಲ್ಲಿ ಈ ಇಬ್ಬರು ಪೈಸೆ ಎಣಿಸುತ್ತಿದ್ದಾರೆ ಎನಿಸಿತು. ಅವರ ಪ್ರತಿಯೊಂದು ಉತ್ತರವೂ ಸ್ಪಷ್ಟವಾಗಿತ್ತು, ವೈದ್ಯರು ಗಮನಿಸಲು ಹೇಳಿದ್ದೂ ಅದನ್ನೇ ಎಂಬುದು ಆ ಸಿಟ್ಟಿನೊಳಗೆ ತಲೆಗೆ ಹೋಗಲಿಲ್ಲ.

ಬೆಳಗಾಯಿತು. ತೊಂದರೆ ಇಳಿದಿತ್ತು. ಅತ್ತೆ ಅಡುಗೆಮನೆಗೆ ಬಂದು, ನಾನು ಕೊಟ್ಟ ಕಾಫಿಯ ಒಂದು ಗುಟುಕು ಕುಡಿದು, ಡಿಕಾಕ್ಷನ್ ನೀರಾಗಿದೆ ಎಂದರು. ಆಗ ಅವರ ಸೆರಗಿನ ತುದಿಯಲ್ಲಿ ಒಂದು ಗಂಟು ಕಂಡಿತು. ರಾತ್ರಿ ಯಾವುದೋ ಹೊತ್ತಿನಲ್ಲಿ ನಂಜುಂಡೇಶ್ವರನಿಗೆ ಮುಡಿಪು ಕಟ್ಟಿದ್ದರು. ಟಿಪ್ಪು ಸುಲ್ತಾನನು ಹಕೀಮ ನಂಜುಂಡನೆಂದು ಕರೆದನೆಂಬ ಪ್ರತೀತಿಯಿರುವ ದೇವರು ಅವರ ಊರಿನವನು. ಏನು ಹರಸಿಕೊಂಡಿರಿ ಎಂದು ಕೇಳಿದೆ. "ಸಾಲ ವಸೂಲಾದ್ರೆ ಅರ್ಧ ನಿಂಗೆ ಅಂದಿದೀನಿ" ಎಂದರು. ಹಾಗೆಂದವರ ಕೈಯಲ್ಲಿ ಲೋಟ ನಡುಗುತ್ತಿತ್ತು. ಅತ್ತೆಯೂ ರಾತ್ರಿಯಿಡೀ ನನ್ನಷ್ಟೇ ಹೆದರಿದ್ದರು. ನಾನು ಬಾಗಿಲ ಹೊರಗೆ ಹೆದರಿದೆ, ಅವರು ಮಂಚದ ಪಕ್ಕದಲ್ಲಿ ಕುಳಿತು ಹೆದರಿದರು. ಈ ವ್ಯತ್ಯಾಸಕ್ಕೆ ಹೇಗೆ ಕೃತಜ್ಞತೆ ಹೇಳಬೇಕೆಂದು ನನಗೆ ಈಗಲೂ ಸರಿಯಾಗಿ ತಿಳಿದಿಲ್ಲ, ಆದ್ದರಿಂದಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಲ್ಲಿಂದ ಮುಂದೆ ಚೌಕಾಬಾರ ಶುರುವಾಯಿತು. ಮಣೆಯೊಂದರ ಮೇಲೆ ಸೀಮೆಸುಣ್ಣದಿಂದ ಐದಕ್ಕೈದು ಮನೆ ಎಳೆದು ಹಾಸಿಗೆಯ ಮೇಲಿಟ್ಟರೆ ಸಂಜೆ ಕಳೆಯುತ್ತಿತ್ತು. ನಾಲ್ಕು ಕವಡೆಯನ್ನು ಅಂಗೈಯಲ್ಲಿ ಕುಲುಕಿ ಎಸೆಯುವುದೇ ನನ್ನ ಪತಿಗೆ ಮೊದಮೊದಲು ದೊಡ್ಡ ಕೆಲಸವಾಗಿತ್ತು. ನಾಲ್ಕೂ ಮೇಲ್ಮುಖವಾಗಿ ಬಿದ್ದು ಚೌಕ ಆದರೆ, ಇಲ್ಲವೇ ನಾಲ್ಕೂ ಬೋರಲಾಗಿ ಬಾರ ಬಿದ್ದರೆ ಮಗಳು ಕಿರುಚುತ್ತಿದ್ದಳು. ರೋಗಿಯೆಂಬ ರಿಯಾಯಿತಿ ಅತ್ತೆಯ ಆಟದಲ್ಲಿ ಇರಲಿಲ್ಲ. ಹಣ್ಣಾಗುವುದಕ್ಕೆ ಒಂದೇ ಹೆಜ್ಜೆ ಉಳಿದ ಕಾಯಿಯನ್ನೂ ನಿಷ್ಕರುಣೆಯಿಂದ ಹೊಡೆಯುತ್ತಿದ್ದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಸಾಹಿತ್ಯದ ಜೊತೆಗೆ ಮಣೆಯಾಟಗಳಲ್ಲೂ ತೊಡಗಿ ಹೊಸ ಹೊಸ ಆಟಗಳನ್ನೇ ರಚಿಸಿದರು; ಅವುಗಳ ಚಿತ್ರಗಳನ್ನು ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಇಂದಿಗೂ ನೋಡಬಹುದು. ಶಾಲಾಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಅದನ್ನು ಹೊತ್ತು ಹೋಗದ ಅರಸರ ಕಾಲಕ್ಷೇಪವೆಂದು ದಾಟಿಹೋಗುತ್ತಿದ್ದೆ. ಕೈಯಲ್ಲಿದ್ದದ್ದೆಲ್ಲ ಹೋದ ಮನುಷ್ಯನಿಗೆ ಮುಂದಿನ ನಡೆ ತನ್ನದೇ ಆಗಿರುವ ಒಂದು ಮಣೆ ಎಷ್ಟು ಮುಖ್ಯವೆಂಬುದನ್ನು ಈಗ ಮನೆಯಲ್ಲೇ ನೋಡಿದ್ದೇನೆ.

ಪಕ್ಕದ ಮನೆಯ ನಿವೃತ್ತ ಮೇಷ್ಟರಿಗೂ ಇಲ್ಲಿ ಪ್ರತ್ಯೇಕವಾಗಿ ನಮಸ್ಕಾರ ಹೇಳಬೇಕು. ಜತನದಿಂದ ಬೈಂಡು ಮಾಡಿಸಿಟ್ಟಿದ್ದ ಹಳೆಯ ಕೊರವಂಜಿ ಸಂಚಿಕೆಗಳನ್ನು ಯಾರಿಗೂ ಕೊಡದವರು ನಮಗೆ ಕೊಟ್ಟರು. ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ಆ ಹಾಸ್ಯಪತ್ರಿಕೆಗೆ ಆರ್.ಕೆ. ಲಕ್ಷ್ಮಣರು ತಮ್ಮ ಎಳೆಯ ವಯಸ್ಸಿನಲ್ಲಿ ಚಿತ್ರ ಬರೆದವರು. ಸಂಪಾದಕರು ವೃತ್ತಿಯಿಂದ ವೈದ್ಯರು ಎಂಬುದು ನನ್ನ ಪತಿಗೆ ಬಹಳ ಹಿಡಿಸಿತು. ಆದರೂ, ನೋಡಲು ಬಂದ ಹಲವರು ಹೇಳಿ ಹೋದಂತೆ ನಗುವೇ ಔಷಧವೆಂದು ನಾನು ಬರೆಯಲಾರೆ. ನನ್ನ ಪತಿಯನ್ನು ಗುಣಪಡಿಸಿದ್ದು ಹೊತ್ತುಹೊತ್ತಿಗೆ ಬಿದ್ದ ಮಾತ್ರೆಗಳು ಮತ್ತು ಅವುಗಳನ್ನು ಬರೆದುಕೊಟ್ಟವರು. ಹಾಸಿಗೆಯಲ್ಲಿದ್ದವರಿಗೆ ನಗುನಗುತ್ತಾ ಇರಿ ಎಂದು ಉಪದೇಶಿಸುವುದು ನನಗೆ ಕ್ರೌರ್ಯವಾಗಿಯೇ ಕಾಣುತ್ತದೆ. ಅತ್ತೆ ಒಂದು ದಿನವೂ ಹಾಗೆ ಹೇಳಲಿಲ್ಲ. ಅವರ ಪಾಡಿಗೆ ಅವರು ಮನೆಯನ್ನು ಮನೆಯಾಗಿ ನಡೆಸಿಕೊಂಡು ಹೋದರು. ಬೇಸಿಗೆ ಬಂದಾಗ ತಾರಸಿಯಲ್ಲಿ ಅಕ್ಕಿ ಸಂಡಿಗೆ ಇಟ್ಟು, ಕಾಗೆ ಕಾಯುವ ಉದ್ಯೋಗಕ್ಕೆ ಅಳಿಯನನ್ನು ನೇಮಿಸಿದರು. ಮೆಟ್ಟಿಲು ಹತ್ತುವುದನ್ನು ಅವರು ಕಲಿತದ್ದು ಆ ಉದ್ಯೋಗದ ನೆಪದಲ್ಲಿ. ಸಂಬಳ ದಿನಕ್ಕೆರಡು ಹಸಿ ಸಂಡಿಗೆ, ಅದೂ ಉಪ್ಪಿಲ್ಲದವು.

ಕಳೆದ ಸೋಮವಾರ ಕಚೇರಿಯಿಂದ ಬಂದವರೇ ನನ್ನ ಪತಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ ತಂದಿದ್ದ ಚೀಟಿಯನ್ನು ಅತ್ತೆಯ ಮುಂದಿಟ್ಟರು: ನಲವತ್ತು ವರ್ಷಕ್ಕೆ, ಚಕ್ರಬಡ್ಡಿ ಸೇರಿ, 186 ರೂಪಾಯಿ 10 ಪೈಸೆ. ರೂಪಾಯಿಗಳನ್ನು ಎಣಿಸಿ ತೆಗೆದುಕೊಂಡ ಅತ್ತೆ ಹತ್ತು ಪೈಸೆಗೂ ಕೈ ಚಾಚಿದರು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ 2011ರಲ್ಲೇ ನಿಂತಿದೆ ಎಂದು ಬ್ಯಾಂಕಿನ ಅಧಿಕಾರಿ ವಿವರಿಸಿದರು. ಒಂದು ರೂಪಾಯಿ ಕೊಡಲು ಹೋದರೆ ಹೆಚ್ಚಿಗೆ ತೆಗೆದುಕೊಳ್ಳುವವಳು ತಾನಲ್ಲ ಎಂದರು ಅತ್ತೆ. ಹೀಗಾಗಿ ಹತ್ತು ಪೈಸೆ ಬಾಕಿ ಉಳಿದಿದೆ, ಅದಕ್ಕೆ ಬಡ್ಡಿ ನಡೆಯುತ್ತಿದೆ, ಅದರಲ್ಲಿ ಐದು ಪೈಸೆ ನಂಜುಂಡನದು. ನಂಜನಗೂಡಿಗೆ ಯಾವಾಗ ಹಿಂದಿರುಗುತ್ತೀರಿ ಎಂದು ಕೇಳಿದವರಿಗೆಲ್ಲ ಬಾಕಿ ಚುಕ್ತಾ ಆದ ಮೇಲೆ ಎಂದು ಅತ್ತೆ ಹೇಳುತ್ತಿದ್ದಾರೆ.

ಕೊನೆಯದಾಗಿ ಒಂದು ಪ್ರಕಟಣೆ. ಊಟ ಕಳಿಸಿದವರ ಸ್ಟೀಲ್ ಡಬ್ಬಿಗಳು, ಎರಡು ಕ್ಯಾರಿಯರ್‌ಗಳು ಮತ್ತು ಯಾವುದಕ್ಕೂ ಹೊಂದದ ಒಂದು ಮುಚ್ಚಳ ನಮ್ಮ ಅಟ್ಟದ ಮೇಲಿವೆ. ಹೆಸರು ಕೊರೆಸಿದವರದು ತಿಳಿಯುತ್ತದೆ, ಕೊರೆಸದವರು ದಯವಿಟ್ಟು ಬಂದು ಗುರುತು ಹೇಳಿ ಒಯ್ಯಬೇಕು. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಬಂದರೆ ಒಳ್ಳೆಯದು, ರಾಹುಕಾಲ ಆಗ ಇರುವುದಿಲ್ಲವೆಂದು ಅತ್ತೆ ಪಂಚಾಂಗ ನೋಡಿ ಹೇಳಿದ್ದಾರೆ. ಬರಿಯ ಡಬ್ಬಿ ಹಿಂದಿರುಗಿಸುವುದು ಅವರಿಗೆ ಒಪ್ಪಿಗೆಯಿಲ್ಲವಾದ್ದರಿಂದ ಎಲ್ಲದರಲ್ಲೂ ಸಂಡಿಗೆ ತುಂಬಿಟ್ಟಿದ್ದಾರೆ. ಉಪ್ಪು ಹಾಕಿದ್ದಾರೆ.